ಅವ್ವನ ಎಡೆಗೆ ಏನೇನು

ನನಗೊಂದು ಚಟವಿದೆ. ಗಾಬರಿಯಾಗಬೇಡಿ, ಬೀಡಿ ಸಿಗರೇಟಿನದಲ್ಲ. ಸೌಟಿನಿಂದ ಒಂದು ತೊಟ್ಟು ಸಾರನ್ನು ಎಡ ಅಂಗೈಗೆ ಬಿಟ್ಟುಕೊಂಡು ನೆಕ್ಕುವ ಚಟ. ಇಪ್ಪತ್ತನಾಲ್ಕು ವರ್ಷಗಳಿಂದ ಮಸ್ಕತ್ತಿನ ಆಚೆಗಿರುವ ಒಂದು ಲೇಬರ್ ಕ್ಯಾಂಪಿನ ಮೆಸ್ಸಿನಲ್ಲಿ ಅಡುಗೆ ಮಾಡಿಕೊಂಡಿದ್ದೇನೆ. ಎಂಟುನೂರು ಜನರ ಹೊಟ್ಟೆಗೆ ಹೋಗುವ ಪ್ರತಿಯೊಂದೂ ಮೊದಲು ನನ್ನ ಅಂಗೈ ದಾಟಬೇಕು. ಬಿಸಿ ತಾಗಿ ತಾಗಿ ಅಲ್ಲಿನ ಚರ್ಮ ಕಂದಿ ದಪ್ಪವಾಗಿದೆ. ಕೈ ನೋಡಿ ಭವಿಷ್ಯ ಹೇಳುವವರು ಗಂಡಸರ ಬಲಗೈ ನೋಡುತ್ತಾರಾದ್ದರಿಂದ ನಾನು ಬಚಾವು. ಎಡಗೈ ನೋಡುವ ಹಾಗಿದ್ದರೆ ಸಾರಿನ ರೇಖೆ ಒಂದನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಈ ಚಟಕ್ಕೆ ಜಾಗ, ಸಮಯ ಒಂದೂ ತಿಳಿಯುವುದಿಲ್ಲ. ಈ ಸಲ ರಜೆಗೆ ಬಂದಾಗ, ಬೆಂಗಳೂರಿನಲ್ಲಿ ಇಳಿದು ಹಾಸನದ ಬಸ್ಸು ಹತ್ತಿ ಬೆಳ್ಳೂರು ಕ್ರಾಸಿನಲ್ಲಿ ಇಳಿದೆ. ಬೆಳಗಿನ ಹೊತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಹೋಟೆಲಿಗೆ ನುಗ್ಗಿ ಇಡ್ಲಿ ಹೇಳಿದೆ. ಸಾಂಬಾರು ಬಂದ ಕೂಡಲೇ ನನ್ನ ಕೈ ತನ್ನ ಪಾಡಿಗೆ ತಾನು ಚಮಚ ಎತ್ತಿ ಅಂಗೈಗೆ ಬಿಟ್ಟುಕೊಂಡಿತು. ನೆಕ್ಕಿ, ಹುಣಸೆಹಣ್ಣು ಜಾಸ್ತಿಯಾಯಿತು ಎಂದು ತಲೆಯಾಡಿಸಿದೆ. ಎದುರಿಗೆ ಕೂತಿದ್ದ ವಯಸ್ಸಾದವರೊಬ್ಬರು ತಮ್ಮ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿಕೊಂಡರು.

"ಯಾವೂರಾಯ್ತಪ್ಪ?"

"ಇಲ್ಲೇ, ಹೊಣಕೆರೆ ಕಡೆ."

"ಅಂಗ್ ಕಾಣಕಿಲ್ವಲ್ಲ," ಎಂದರು. ಅವರದು ಬೈಗುಳವೇನಲ್ಲ, ಕಂಡದ್ದನ್ನು ಹೇಳಿದರು ಅಷ್ಟೆ. ನಾನು ಇಡ್ಲಿ ಮುಗಿಸಿ ಕೈತೊಳೆಯುವಾಗ ಕನ್ನಡಿ ನೋಡಿಕೊಂಡೆ. ಯಾವ ಊರಿನವನ ಹಾಗೆ ಕಾಣುತ್ತೇನೆ ಎಂದು ನನಗೂ ಹೊಳೆಯಲಿಲ್ಲ.

ಆರು ವರ್ಷದ ಮೇಲೆ ಬರುತ್ತಿದ್ದೆ. ಮುಂಚೆ ಎರಡು ವರ್ಷಕ್ಕೊಮ್ಮೆ ನಲವತ್ತು ದಿನ ತಪ್ಪದೆ ಬರುತ್ತಿದ್ದೆ. ಆ ನಲವತ್ತು ದಿನಗಳಲ್ಲಿ ಹೆಣ್ಣು ನೋಡುವುದು ಒಂದು ಖಾಯಂ ಕಾರ್ಯಕ್ರಮ. ಪಾಂಡವಪುರದಲ್ಲಿ ಒಂದು, ಕೆ.ಆರ್.ಪೇಟೆಯಲ್ಲಿ ಎರಡು, ನಾಗಮಂಗಲದಲ್ಲಂತೂ ಬೀದಿಗೊಂದು. ಎಲ್ಲರ ಮನೆಯಲ್ಲೂ ಉಪ್ಪಿಟ್ಟು ತಿಂದು, ಉಪ್ಪು ಸರಿಯಾಗಿದೆಯೋ ಇಲ್ಲವೋ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿ ಎದ್ದು ಬರುತ್ತಿದ್ದೆ. ಅವರು ಯೋಚನೆ ಮಾಡಿ ಹೇಳುತ್ತೇವೆ ಎನ್ನುವಷ್ಟರಲ್ಲಿ ನನ್ನ ರಜೆ ಮುಗಿದಿರುತ್ತಿತ್ತು. ಅವ್ವ ನನ್ನನ್ನು ಗಂಜಾಂಗೆ ಕರೆದುಕೊಂಡು ಹೋಗಿ ನಿಮಿಷಾಂಬೆಯ ಮುಂದೆ ನಿಲ್ಲಿಸಿದ್ದಳು. ಬೇಡಿದ್ದನ್ನು ನಿಮಿಷದಲ್ಲಿ ಕೊಡುವ ತಾಯಿ ಅವಳು. ತಾಯಿಗೆ ನಿಮಿಷ ಸಾಕಿತ್ತು, ನನಗೆ ರಜೆ ಸಾಲಲಿಲ್ಲ. ಹೀಗೆ ನೋಡುತ್ತ ನೋಡುತ್ತ ನಾನು ಹೆಣ್ಣು ನೋಡುವ ವಯಸ್ಸು ದಾಟಿಬಿಟ್ಟೆ.

ಆಮೇಲೆ ಕಂಪನಿ ಕೈ ಬದಲಾಯಿತು. ಹೊಸಬರು ರಜೆಯನ್ನು ಮುಂದಕ್ಕೆ ಹಾಕಿದರು. ಆ ನಡುವೆ, ಈಗ್ಗೆ ಎರಡು ವರ್ಷದ ಹಿಂದೆ, ಅವ್ವ ಹೋದಳು. ಅವ್ವನ ಮಣ್ಣಿಗೆ ನಾನು ಬರಲಿಲ್ಲ. ಮೆಸ್ಸಿನ ಸ್ಟೋರಿನಲ್ಲಿ ಈರುಳ್ಳಿ ಮೂಟೆಯ ಮೇಲೆ ಕೂತು ಫೋನಿನಲ್ಲಿ ನೋಡಿದೆ. ಈರುಳ್ಳಿಯ ಮಧ್ಯೆ ಕೂತವನು ಅತ್ತರೆ ಯಾರೂ ಏನೂ ಕೇಳುವುದಿಲ್ಲ, ಅದೊಂದು ಅನುಕೂಲ. ನಿಜ ಹೇಳಬೇಕೆಂದರೆ ಅದಾದ ಮೇಲೆ ರಜೆ ಸಿಗುತ್ತಿತ್ತು. ನಾನೇ ಬರಲಿಲ್ಲ. ಅವ್ವನಿಲ್ಲದ ಮನೆಗೆ ಕಾಲಿಡಲು ಧೈರ್ಯವಾಗಲಿಲ್ಲ.

ಈಗಲೂ ಬಂದದ್ದು ಧೈರ್ಯದಿಂದಲ್ಲ. ಅಣ್ಣ ಫೋನು ಮಾಡಿ, "ಪಕ್ಸದಬ್ಬಕ್ಕಾದ್ರೂ ಬಂದೋಗ್ಲಾ. ಅವ್ವನ ಎಡೆಗೆ ನೀನೊಂದ್ ಸಲಾನೂ ಕೈ ಮುಗ್ದಿಲ್ಲ," ಎಂದಿದ್ದ. ಪಿತೃಪಕ್ಷದಲ್ಲಿ ನಮ್ಮ ಕಡೆ ತೀರಿಹೋದವರಿಗೆ ಎಡೆ ಇಡುತ್ತೇವೆ. ಅವರವರಿಗೆ ಇಷ್ಟವಾದದ್ದನ್ನು ಬೇಯಿಸಿ, ಬಾಳೆ ಎಲೆಯಲ್ಲಿ ಬಡಿಸಿ, ಹೊಸ ಬಟ್ಟೆ ಇಟ್ಟು, ಸಾಂಬ್ರಾಣಿ ಹಾಕಿ, ಬಾಗಿಲು ಮುಂದಕ್ಕೆಳೆದುಕೊಂಡು ಆಚೆ ಬಂದು ಕೂರುತ್ತೇವೆ. ಹಿರಿಯರು ಬಂದು ಉಣ್ಣುತ್ತಾರೆ. ಆ ಮಾತು ಕೇಳಿದ ಗಳಿಗೆಯಲ್ಲೇ ನನ್ನ ತಲೆಯಲ್ಲಿ ಒಂದು ವಿಚಾರ ಕೂತುಬಿಟ್ಟಿತು.

ಏನೆಂದರೆ, ಅವ್ವ ನನ್ನ ಕೈಯಡುಗೆಯನ್ನು ಒಂದು ದಿನವೂ ಉಂಡವಳಲ್ಲ. ಊರೂರಿನವರಿಗೆ ಬೇಯಿಸಿ ಹಾಕಿದ ನಾನು, ಮಲಯಾಳಿಗೆ ಕುಚಲಕ್ಕಿ, ಬಂಗಾಳಿಗೆ ಸಾಸಿವೆ ಎಣ್ಣೆಯ ಮೀನು, ಬಿಹಾರಿಗೆ ಆಲೂ ಎಂದು ಒಬ್ಬೊಬ್ಬರ ನಾಲಿಗೆಯನ್ನೂ ಬಾಯಿಪಾಠ ಮಾಡಿಕೊಂಡ ನಾನು, ಹೆತ್ತವಳಿಗೆ ಒಂದು ಲೋಟ ತಿಳಿಸಾರು ಮಾಡಿಕೊಟ್ಟಿರಲಿಲ್ಲ. ರಜೆಗೆ ಬಂದಾಗ ಒಲೆಯ ಹತ್ತಿರ ಹೋದರೆ, "ಅಲ್ಲೂ ಬೇಯ್ಸೋದು, ಇಲ್ಲೂ ಬೇಯ್ಸೋದಾ? ಏಳ್ಲಾ ಮ್ಯಾಕೆ," ಎಂದು ಎಬ್ಬಿಸಿ ಕಳಿಸುತ್ತಿದ್ದಳು. ಆಗ ಅದು ಪ್ರೀತಿ ಅನ್ನಿಸುತ್ತಿತ್ತು. ಪ್ರೀತಿಯೇ ಇರಬಹುದು. ಆದರೆ ಅದರಿಂದ ಒಂದು ಋಣ ಹಾಗೇ ಉಳಿದುಬಿಟ್ಟಿತ್ತು. ಈ ಸಲ ಅವ್ವನ ಎಡೆಗೆ ನನ್ನ ಕೈಯಡುಗೆ ಬಡಿಸಲೇಬೇಕು. ಬಂದದ್ದೇ ಅದಕ್ಕೆ.

ಮನೆ ಬದಲಾಗಿತ್ತು. ಹೆಂಚು ಹೋಗಿ ತಾರಸಿ ಬಂದಿತ್ತು. ಅತ್ತಿಗೆ ಚೊಂಬಿನಲ್ಲಿ ಕಾಲಿಗೆ ನೀರು ಕೊಟ್ಟು, ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಿಂದ ಒರೆಸಿ, "ಕೂತ್ಕಳಪ್ಪ," ಎಂದರು. ಕುಡಿಯಲು ಕೇಳಿದರೆ ಮೂಲೆಯಲ್ಲಿಟ್ಟಿದ್ದ ನೀಲಿ ಕ್ಯಾನಿನಿಂದ ಬಗ್ಗಿಸಿ ಕೊಟ್ಟರು.

"ಅತ್ತಿಗೆ, ಕೊಳಾಯಿ ನೀರು ಬರ್ತಿಲ್ವಾ?"

"ಬರ್ತದೆ. ನಿಂಗ್ ಒಗ್ತದೋ ಇಲ್ವೋ ಅಂತ ಇದ್ನ ತರ್ಸಿವ್ನಿ. ನಾಕ್ ದಿನುಕ್ ಬಂದೋನು, ಆರೋಗ್ಯ ಕೆಟ್ರೆ ಕಷ್ಟ ಅಲ್ವಾ."

ಅವರು ಕಾಳಜಿಯಿಂದಲೇ ಹೇಳಿದ್ದು. ಅದೇ ನೀರು ಕುಡಿದು ಇಪ್ಪತ್ತೇಳು ವರ್ಷ ಬೆಳೆದವನು ನಾನು ಎಂದು ಹೇಳಬೇಕೆನಿಸಿತು. ಕ್ಯಾನಿನ ನೀರು ಕುಡಿದೆ. ನಾಲ್ಕು ದಿನಕ್ಕೆ ಬಂದವನಿಗೆ ಮನೆಯಲ್ಲಿ ಎಲ್ಲವೂ ಸಿಗುತ್ತದೆ, ಕೆಲಸ ಒಂದನ್ನು ಬಿಟ್ಟು. ಬೆಳಗ್ಗೆ ಅಣ್ಣ ಗದ್ದೆಗೆ ಹೊರಟರೆ ನಾನೂ ಬರುತ್ತೇನೆ ಎನ್ನುತ್ತಿದ್ದೆ. "ಬಿಸ್ಲು ಕಣ್ಲಾ," ಎನ್ನುತ್ತಿದ್ದ, ಮಸ್ಕತ್ತಿನಿಂದ ಬಂದವನಿಗೆ. ಅಣ್ಣನ ಮಗಳು ಕಾವ್ಯ ನಾಗಮಂಗಲದ ಕಾಲೇಜಿಗೆ ಸ್ಕೂಟರ್ ಹತ್ತುತ್ತಿದ್ದಳು. ಅತ್ತಿಗೆ ಹಾಲು ಹಾಕಲು ಡೇರಿಗೆ, ಅಲ್ಲಿಂದ ಸಂಘಕ್ಕೆ. ನಾನು, ಟಿ.ವಿ., ಗೋಡೆಯ ಮೇಲೆ ಅವ್ವನ ಫೋಟೊ. ಕ್ಯಾಂಪಿನಲ್ಲಿ ಒಂದೇ ರೂಮಿನಲ್ಲಿ ಎಂಟು ಜನ ಮಲಗಿ, ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಗುರುತು ಸಿಗುವಂತಿರುವಾಗ ಒಂಟಿತನದ ಬಗ್ಗೆ ನನಗೊಂದು ಕಲ್ಪನೆಯಿತ್ತು. ಅದು ತಪ್ಪು ಎಂದು ಗೊತ್ತಾಗಲು ನಮ್ಮ ಮನೆಯ ಹಜಾರದಲ್ಲಿ ಒಂದು ಮಧ್ಯಾಹ್ನ ಕೂತದ್ದು ಸಾಕಾಯಿತು.

ಹಬ್ಬದ ಹಿಂದಿನ ದಿನ ಎಡೆಗೆ ಏನೇನು ಎಂಬ ಮಾತು ಬಂತು. ಅಪ್ಪನದ್ದು ತಕರಾರಿಲ್ಲ. ಅವನು ಸತ್ತು ಮೂವತ್ತು ವರ್ಷವಾಯಿತು, ಅವನ ಇಷ್ಟಾನಿಷ್ಟಗಳೆಲ್ಲ ಇತ್ಯರ್ಥವಾಗಿವೆ. ನಾಟಿಕೋಳಿ ಸಾರು, ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್. ಅವ್ವನದ್ದು ನಾನು ಹೇಳುತ್ತೇನೆ ಎಂದೆ.

"ಅವ್ವಂಗೆ ಬೋಟಿ ಗೊಜ್ಜು. ನಾನೇ ಮಾಡ್ತೀನಿ."

ಅತ್ತಿಗೆ ಅಣ್ಣನ ಮುಖ ನೋಡಿದರು. "ಅತ್ತೆ ಬಾಡು ಬುಟ್ಟೇ ಎರಡ್ಮೂರ್ ವರ್ಸ ಆಗಿತ್ತು ಕಣಪ್ಪ. ಹಲ್ಲೆಲ್ಲಿತ್ತು? ಬೋಟಿ ಎಂಗ್ ಅಗಿಯೋರು?"

"ಸತ್ತೋರಿಗೆ ಹಲ್ಯಾಕೆ ಅತ್ತಿಗೆ," ಎಂದೆ. ಅಣ್ಣ ನಕ್ಕುಬಿಟ್ಟ. ನಗಿಸಿದ್ದರಿಂದ ಗೆದ್ದೆ ಎಂದುಕೊಂಡೆ.

ಬೋಟಿಯ ನೆನಪು ನನ್ನಲ್ಲಿ ಗಟ್ಟಿಯಾಗಿತ್ತು ನೋಡಿ. ನಾನು ಹುಡುಗನಾಗಿದ್ದಾಗ ಬೀದಿಯವರೆಲ್ಲ ಸೇರಿ ಕುರಿ ಕೊಯ್ಯಿಸಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಿದ್ದರು. ಬೋಟಿಯನ್ನು, ಎಂದರೆ ಕುರಿಯ ಕರುಳನ್ನು, ಶುಚಿ ಮಾಡುವುದು ಯಾರಿಗೂ ಬೇಡದ ಕೆಲಸವಾದ್ದರಿಂದ ಅದು ಅವ್ವನ ಪಾಲಿಗೆ ಸ್ವಲ್ಪ ಜಾಸ್ತಿಯೇ ಬರುತ್ತಿತ್ತು. ಹಿತ್ತಲಿನ ಕಲ್ಲಿನ ಮೇಲೆ ಕೂತು, ಬಿಸಿನೀರು ಸುರಿದು, ಸುಣ್ಣ ಹಚ್ಚಿ ಕೆರೆದು ಕೆರೆದು ಬೆಳ್ಳಗೆ ಮಾಡುವಳು. ಅವತ್ತು ಮನೆಯಲ್ಲಿ ಮುದ್ದೆಗೆ ಲೆಕ್ಕವಿಲ್ಲ. ಅವಳು ಉಂಡು ಕೈ ಮೂಸಿಕೊಂಡು, "ನಾಳೀಕೂ ವಾಸ್ನೆ ಓಗಾಕಿಲ್ಲ," ಎನ್ನುವಳು. ಅದನ್ನು ನಾನು ಇಷ್ಟ ಎಂದು ತಿಳಿದುಕೊಂಡಿದ್ದೆ. ಬೇಸರವೂ ಇದ್ದಿರಬಹುದು ಎಂದು ಈಗ ಅನ್ನಿಸುತ್ತದೆ. ಹತ್ತು ವರ್ಷದ ಹುಡುಗನಿಗೆ ಅದೆಲ್ಲ ಎಲ್ಲಿ ತಿಳಿಯಬೇಕು.

ಹಬ್ಬದ ದಿನ ಬೆಳಗ್ಗೆಯೇ ಸ್ನಾನ ಮಾಡಿ ಕೂತೆ. ಬೋಟಿ ತೊಳೆಯುವುದಕ್ಕೇ ಅರ್ಧ ದಿನ ಹಿಡಿಯಿತು. ಕ್ಯಾಂಪಿನಲ್ಲಿ ಕ್ಲೀನಿಂಗಿಗೆ ಬೇರೆ ಜನ ಇದ್ದಾರೆ, ನಾನು ಹೆಡ್ ಕುಕ್. ಇಲ್ಲಿ ಬೆನ್ನು ನೋಯುತ್ತಿದ್ದರೂ ಒಬ್ಬರನ್ನೂ ಕೈ ಹಾಕಲು ಬಿಡಲಿಲ್ಲ. ಮೆಣಸು, ಧನಿಯ, ಚಕ್ಕೆ, ಲವಂಗ, ತೆಂಗಿನಕಾಯಿ ಹುರಿದು ರುಬ್ಬಿದೆ. ಮಿಕ್ಸಿ ಇದ್ದರೂ ಒರಳಿನಲ್ಲೇ ರುಬ್ಬಿದೆ. ಅತ್ತಿಗೆ ಒಂದು ಕಡೆ ಒಬ್ಬಟ್ಟು, ಅಪ್ಪನ ಕೋಳಿಸಾರು ನೋಡಿಕೊಳ್ಳುತ್ತ, ನಡುನಡುವೆ ನನ್ನ ಕಡೆ ನೋಡುತ್ತಿದ್ದರು. ಆರು ದಿನಗಳಲ್ಲಿ ಮೊದಲ ಸಲ ನಾನು ಕುರ್ಚಿಯಿಂದ ಎದ್ದು ಮನೆಯೊಳಗೆ ಸೇರಿಕೊಂಡ ಹಾಗಿತ್ತು. ಅತ್ತಿಗೆ ತಾವಾಗಿಯೇ, "ಒಸಿ ಒಗ್ಗರಣೆಗೆ ಎಣ್ಣೆ ಸಾಕಾ ನೋಡು," ಎಂದು ನನ್ನನ್ನೇ ಕೇಳಿದರು. ಬಹಳ ಸಂತೋಷವಾಯಿತು.

ಸಂತೋಷವಾದಾಗಲೇ ಮನುಷ್ಯ ಮೈಮರೆಯುವುದು. ಗೊಜ್ಜು ಕುದಿದು ಎಣ್ಣೆ ಬಿಟ್ಟಿತು. ಘಮ ಹಿಡಿಯಿತು. ನಾನು ಸೌಟು ಎತ್ತಿ, ಒಂದು ತೊಟ್ಟನ್ನು ಎಡ ಅಂಗೈಗೆ ಬಿಟ್ಟುಕೊಂಡು, ನೆಕ್ಕಿದೆ.

ತಿರುಗಿ ನೋಡಿದರೆ ಅತ್ತಿಗೆ ಒಬ್ಬಟ್ಟು ಮಗುಚುವ ಸಟ್ಟುಗ ಹಿಡಿದು ಹಾಗೇ ನಿಂತಿದ್ದರು.

ನಿಮಗೆ ಗೊತ್ತಲ್ಲ, ಎಡೆಗಿಡುವ ಅಡುಗೆ ಮೀಸಲು. ಹಿರಿಯರು ಉಣ್ಣುವ ತನಕ ಮನೆಯ ಮಗುವಿಗೂ ಕೊಡುವ ಹಾಗಿಲ್ಲ. ಉಪ್ಪು ಹೆಚ್ಚಾಗಲಿ ಕಮ್ಮಿಯಾಗಲಿ, ಕಣ್ಣಂದಾಜಿನಲ್ಲಿ ಮಾಡಿ ಬಡಿಸಬೇಕು. ಈ ಮಾತು ನನಗೆ ಮುದ್ದೆ ನುಂಗಲು ಕಲಿಯುವ ಮುಂಚೆಯೇ ಗೊತ್ತಿತ್ತು. ನನ್ನ ತಲೆಗೆ ಗೊತ್ತಿತ್ತು, ಕೈಗೆ ಮರೆತುಹೋಗಿತ್ತು.

"ಅತ್ತಿಗೆ…"

"ಇರ್ಲಿ ಬುಡಪ್ಪ," ಎಂದರು ಅತ್ತಿಗೆ ಮೆಲ್ಲಗೆ. ಬೈದಿದ್ದರೆ ವಾಸಿಯಾಗಿತ್ತು. "ಗೊತ್ತಾಗ್ದೆ ಆಯ್ತು. ಅದು ನಾವ್ ಉಣ್ಣಕ್ಕಾಯ್ತದೆ. ಎಡೆಗೆ ಬ್ಯಾಡ."

ಗೊತ್ತಾಗದೆ ಆಯಿತು ಎನ್ನುವುದು ಪರಸ್ಥಳದವರಿಗೆ ಹೇಳುವ ಮಾತು. ಹೊಸ ಬೋಟಿ ಎಲ್ಲಿಂದ ತರುವುದು, ಹೊತ್ತು ಇಳಿಯುತ್ತಿತ್ತು. ನಾನು ಹೊರಗೆ ಬಂದು ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಅಷ್ಟು ದೂರದಿಂದ ಒಂದೇ ಒಂದು ಕೆಲಸ ಇಟ್ಟುಕೊಂಡು ಬಂದು, ಅದನ್ನು ನನ್ನ ಕೈಯಿಂದಲೇ ಕೆಡಿಸಿಕೊಂಡಿದ್ದೆ. ಅವ್ವ ಈ ಸಲವೂ ನನ್ನ ಅಡುಗೆ ಉಣ್ಣುವುದಿಲ್ಲ. ಅಳು ಬಂತು. ಈರುಳ್ಳಿ ಮೂಟೆಯೂ ಹತ್ತಿರದಲ್ಲಿರಲಿಲ್ಲ, ಟವೆಲ್ಲಿನಿಂದ ಮುಖ ಒರೆಸಿಕೊಂಡು ಸೆಕೆ ಎಂದೆ.

ಆಗ ಕಾವ್ಯ ಬಂದು ಪಕ್ಕದಲ್ಲಿ ನಿಂತಳು. ಅವಳನ್ನು ನಾನು ಬಿಟ್ಟುಹೋದಾಗ ಎರಡು ಜಡೆಯ ಹುಡುಗಿ, ಈಗ ನನ್ನ ಭುಜದ ಎತ್ತರ. ಬಂದಾಗಿನಿಂದ ನಾವಿಬ್ಬರೂ ಊಟ ಆಯ್ತಾ, ಓದು ಹೇಗಿದೆ ಎನ್ನುವುದನ್ನು ದಾಟಿ ಮಾತಾಡಿರಲಿಲ್ಲ.

"ಚಿಕ್ಕಪ್ಪ, ಅಜ್ಜಿ ಎಡೆಗೆ ಗೋಬಿ ತಂದ್ಬುಡ್ಲಾ?"

"ಏನು?"

"ಗೋಬಿ ಮಂಚೂರಿ. ಅಜ್ಜಿಗೆ ಅಂದ್ರೆ ಪ್ರಾಣ. ಹೋದ್ವರ್ಷ ಇಡಣ ಅಂದೆ, ಅಮ್ಮ ಬ್ಯಾಡ ಅಂತು."

ನಾನು ಅವಳನ್ನೇ ನೋಡಿದೆ. ಅವ್ವ ಎಂದರೆ ಹುರುಳಿಕಾಳು, ಮುದ್ದೆ, ಬಸ್ಸಾರು. ಬ್ರೆಡ್ಡನ್ನು ಕಾಯಿಲೆಯವರ ಊಟ ಎನ್ನುತ್ತಿದ್ದವಳು. ಹೊಣಕೆರೆಯಲ್ಲಿ ಸಂಜೆ ನಿಲ್ಲುವ ಬಾಷಣ್ಣನ ಗಾಡಿಯಿಂದ ಕಾವ್ಯ ವಾರವಾರವೂ ಕಟ್ಟಿಸಿಕೊಂಡು ಬರುತ್ತಿದ್ದಳಂತೆ. ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳಂತೆ. ನಾನು ವಾರಕ್ಕೊಂದು ದಿನ ಎರಡು ಮೂಟೆ ಹೂಕೋಸಿನ ಗೋಬಿ ಮಾಡುವವನು. ನನ್ನ ಅವ್ವ ಬೀದಿಗಾಡಿಯ ಗೋಬಿಗೆ ಬಾಗಿಲು ಕಾಯುತ್ತಿದ್ದುದು ನನಗೆ ಗೊತ್ತಿರಲಿಲ್ಲ.

"ಹಿರೀಕರ ಎಡೆಗೆ ಗೋಬಿ ಇಡ್ತಾರೇನಮ್ಮ," ಎಂದೆ. ನನ್ನ ದನಿಯಲ್ಲಿದ್ದದ್ದು ಶಾಸ್ತ್ರವಲ್ಲ, ಹೊಟ್ಟೆಕಿಚ್ಚು.

ಜಗಲಿಯಲ್ಲಿ ಬಾಳೆ ಎಲೆ ಒರೆಸುತ್ತಿದ್ದ ಅಣ್ಣ ತಲೆ ಎತ್ತಿದ. "ಅಪ್ಪುನ್ಗೆ ಕ್ವಾಟ್ರು ಮಡಗಾಕಿಲ್ವೇನ್ಲಾ? ಅದ್ಯಾವ್ ಸಾಸ್ತ್ರದಲ್ಲಿ ಬರ್ದದೆ? ಉಣ್ಣೋರ್ಗೆ ಬೇಕಾದ್ನ ಮಡಗ್ಬೇಕು, ನಮ್ಗೆ ಬೇಕಾದ್ನಲ್ಲ. ಓಗವ್ವ, ಬೇಗ್ನೆ ಬಾ."

ಅವಳು ಸ್ಕೂಟರಿನಲ್ಲಿ ಹೋಗಿ ಬೇಗನೆ ಬಂದಳು. ಹಬ್ಬವೆಂದು ಬೇರೆ ಅಂಗಡಿಗಳು ಮುಚ್ಚಿದ್ದರೂ ಬಾಷಣ್ಣನ ಗಾಡಿ ಇತ್ತಂತೆ. "ಎಡೆಗೆ ಅಂದಿದ್ಕೆ ಬಾಣ್ಲಿ ತೊಳ್ದು ಬೇರೆ ಮಾಡ್ಕೊಟ್ರು ಚಿಕ್ಕಪ್ಪ. ಅಜ್ಜಿಗಲ್ವಾ, ಕಾರ ಕಮ್ಮಿ, ನಂಗೊತ್ತು ಬುಡವ್ವ ಅಂದ್ರು. ಎರಡು ಪೊಟ್ಣ ಕಟ್ಕೊಟ್ರು." ಅವ್ವನಿಗೆ ಖಾರ ಕಮ್ಮಿ ಬೇಕು ಎನ್ನುವುದೂ ನನಗೆ ಹೊಸದು. ನನ್ನ ಕಾಲದ ಅವ್ವ ಹಸಿಮೆಣಸಿನಕಾಯಿಯನ್ನು ಉಪ್ಪಿಗೆ ನೆಂಚಿಕೊಂಡು ಮುದ್ದೆ ಮುರಿಯುತ್ತಿದ್ದಳು.

ಎಡೆ ಇಟ್ಟೆವು. ಅಪ್ಪನ ಪಂಚೆಯ ಪಕ್ಕ ಅವ್ವನ ಹೊಸ ಸೀರೆ. ಒಬ್ಬಟ್ಟು, ಅನ್ನ, ಪಲ್ಯ, ಅದರ ಪಕ್ಕ ಕೆಂಪಗೆ ಹೊಳೆಯುವ ಗೋಬಿ. ಸಾಂಬ್ರಾಣಿ ಹಾಕಿ, ಅಣ್ಣ ಕಾಯಿ ಒಡೆದು, ಎಲ್ಲರೂ ಅಡ್ಡಬಿದ್ದು ಬಾಗಿಲು ಎಳೆದುಕೊಂಡು ಜಗಲಿಗೆ ಬಂದೆವು. ಬೀದಿಯುದ್ದಕ್ಕೂ ಎಲ್ಲರ ಮನೆಯ ಬಾಗಿಲೂ ಮುಚ್ಚಿತ್ತು. ಎಲ್ಲರೂ ಅವರವರ ಜಗಲಿಯ ಮೇಲೆ ಕೂತಿದ್ದರು. ಒಬ್ಬರೂ ಜೋರಾಗಿ ಮಾತಾಡುತ್ತಿರಲಿಲ್ಲ, ಒಳಗಡೆ ಉಣ್ಣುವವರಿಗೆ ತೊಂದರೆಯಾಗದಿರಲಿ ಎಂದು. ನನಗೆ ಮಾತ್ರ ಬಾಗಿಲಿನ ಆಚೆ ಕೂತಿರುವುದು ಅಭ್ಯಾಸವಾದ ಹಾಗೆ ಕಂಡಿತು.

ಕಾವ್ಯ ಮೆಟ್ಟಿಲ ಮೇಲೆ ಕೂತು ಎರಡನೆಯ ಪೊಟ್ಟಣ ಹಿಡಿದುಕೊಂಡಿದ್ದಳು. ನಾನು ಅವಳ ಪಕ್ಕ ಕೂತೆ.

"ಅವ್ವಂಗೆ ಇದರ ರುಚಿ ಹತ್ಸಿದ್ದು ನೀನೇನಾ?"

"ನಾನಲ್ಲ ಚಿಕ್ಕಪ್ಪ, ನೀವೆಯಾ."

"ನಾನಾ?"

"ಹೂಂ. ಒಂದಿನ ಅಜ್ಜಿ ನಿಮ್ಗೆ ಫೋನ್ ಮಾಡಿತ್ತು. ನೀವು, ಇವತ್ತು ಶುಕ್ರವಾರ, ಎಲ್ರುಗೂ ಗೋಬಿ ಮಾಡ್ಬೇಕು, ಆಮೇಲ್ ಮಾಡ್ತೀನಿ ಅಂತ ಮಡಗ್ಬುಟ್ರಿ. ಅಜ್ಜಿ ನನ್ನ ಕೇಳ್ತು, ಗೋಬಿ ಅಂದ್ರೆ ಎಂಗಿರ್ತದವ್ವ, ನಮ್ ಪುಟ್ಸಾಮಿ ಮಾಡೋದು, ಒಸಿ ತಕಬಾ ಅಂತ. ಅವತ್ತಿಂದ ಶುಕ್ರವಾರ ಶುಕ್ರವಾರ ತರ್ತಿದ್ದೆ. ಅದು ತಿನ್ನೋವಾಗೆಲ್ಲ, ಈಗ ಅವ್ನೂ ಬಡಿಸ್ತಿರ್ತಾನೆ ಅನ್ನೋದು."

ಆ ಫೋನು ನನಗೆ ನೆನಪಿಲ್ಲ. ಅಂಥ ಎಷ್ಟೋ ಫೋನುಗಳನ್ನು ಆಮೇಲೆ ಮಾಡುತ್ತೇನೆ ಎಂದು ಇಟ್ಟಿದ್ದೇನೆ. ಒಳಗೆ ಎಡೆ ಇಟ್ಟಾಗಿತ್ತು, ಇದು ಬೇರೆ ಪೊಟ್ಟಣ, ತಿನ್ನಬಹುದು ಎಂದು ಕಾವ್ಯ ಬಿಚ್ಚಿ ಕೊಟ್ಟಳು.

ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಹಿಟ್ಟು ಹೆಚ್ಚು. ಬಣ್ಣ ಹೆಚ್ಚು. ಬೆಳ್ಳುಳ್ಳಿ ಸರಿಯಾಗಿ ಹುರಿದಿಲ್ಲ. ಸಾಸಿನಲ್ಲಿ ನೆಂದು ನೆಂದು ಹೂಕೋಸು ತನ್ನ ಗುರುತನ್ನೇ ಬಿಟ್ಟುಕೊಟ್ಟಿತ್ತು. ಅಗಿಯುವ ಗೋಜಿಲ್ಲದೆ ನಾಲಿಗೆಯ ಮೇಲೆ ಮೆತ್ತಗೆ ಕರಗಿತು. ನಮ್ಮ ಕ್ಯಾಂಪಿನಲ್ಲಿ ಇಂಥದ್ದನ್ನು ಬಡಿಸಿದ್ದರೆ ತಟ್ಟೆಗಳು ನನ್ನ ತಲೆಯ ಮೇಲೆ ಬೀಳುತ್ತಿದ್ದವು. ನಾನು ಮಾಡುವುದು ಗರಿಗರಿಯಾಗಿರುತ್ತದೆ. ಹಲ್ಲಿಲ್ಲದ ಅವ್ವ ಅದನ್ನು ಹೇಗೂ ತಿನ್ನಲಾಗುತ್ತಿರಲಿಲ್ಲ.

"ಚೆನ್ನಾಗದಾ ಚಿಕ್ಕಪ್ಪ?"

"ಅವ್ವ ಏನನ್ನೋಳು, ತಿಂದು?"

ಕಾವ್ಯ ಸ್ವಲ್ಪ ಯೋಚಿಸಿದಳು. "ಒಂದೊಂದಿನ ಚೆನ್ನಾಗಿರ್ತಿರ್ಲಿಲ್ಲ. ಬ್ಯಾಡ ಬುಡಜ್ಜಿ ಅಂದ್ರೆ ಕೇಳ್ತಿರ್ಲಿಲ್ಲ. ಅಷ್ಟೊಂದ್ ಜನುಕ್ಕೆ ಒಬ್ನೇ ಮಾಡ್ಬೇಕಲ್ಲವ್ವ ಪಾಪ, ಒಸಿ ಎಚ್ಚುಕಮ್ಮಿ ಆಯ್ತದೆ ಅನ್ನೋದು."

ಒಳಗೆ ಅವ್ವ ಉಣ್ಣುತ್ತಿದ್ದಳು. ಬಾಷಣ್ಣನ ಗೋಬಿಯನ್ನೇ ನನ್ನ ಕೈಯಡುಗೆಯ ರುಚಿ ಎಂದುಕೊಂಡು, ಮಗನಿಗೆ ಅಡುಗೆ ಅಷ್ಟಕ್ಕಷ್ಟೇ ಎಂದು ನಂಬಿಕೊಂಡೇ ಅವಳು ಹೋಗಿಬಿಟ್ಟಿದ್ದಳು. ಹಾಗೆ ನಂಬಿಯೂ ಒಂದು ವಾರವೂ ಒಂದು ತುಂಡನ್ನೂ ಬಿಟ್ಟಿರಲಿಲ್ಲವಂತೆ. ನಾನೂ ಬಿಡಲಿಲ್ಲ.